ಮಣಿಕಟ್ಟಿನ ಚುಕ್ಕಿಗಳು

ಕಿಟಕಿ ಪಕ್ಕದ ಹಾಸಿಗೆಯ ಅಜ್ಜಿಯ ಮಣಿಕಟ್ಟಿನ ಒಳಬದಿಯಲ್ಲಿ ರಕ್ತ ಹೆಪ್ಪುಗಟ್ಟಿ ನೀಲಿಯಾಗಿತ್ತು. ಬೆಳಗಿನ ರೌಂಡ್ಸಿಗೆ ಬಂದ ಡಾಕ್ಟರು ಹುಬ್ಬು ಗಂಟಿಕ್ಕಿದರು.

"ಕೀಮೋ ನಡೀತಿರೋ ಮೈ. ಪ್ಲೇಟ್‌ಲೆಟ್ ಕಮ್ಮಿ ಇದೆ. ಇಷ್ಟು ಜೋರಾಗಿ ಒತ್ತಿದ್ಯಾರು?"

ಎಲ್ಲರ ಕಣ್ಣೂ ಒಬ್ಬಳ ಕಡೆ ತಿರುಗಿತು. ಔಷಧದ ಜೊತೆಗೆ ಕೈಕಾಲಿನ ಬಿಂದುಗಳನ್ನು ಒತ್ತಿ, ರೋಗಿಗಳ ವಾಕರಿಕೆ, ನಿದ್ದೆಗೇಡುಗಳನ್ನು ಒಂದಿಷ್ಟು ಹಗುರ ಮಾಡುವ ಆಕ್ಯುಪ್ರೆಶರ್ ಚಿಕಿತ್ಸಕಿ ಅವಳು. ವಾರ್ಡಿನವರಿಗೆಲ್ಲ ಒತ್ತಕ್ಕ.

"ನಾನಲ್ಲ ಸಾರ್."

"ಸಂಜೆಯೊಳಗೆ ಗೊತ್ತಾಗಬೇಕು. ಇಲ್ಲದಿದ್ರೆ ನಾಳೆಯಿಂದ ನೀವು ಬರೋದು ಬೇಡ."

ಒತ್ತಕ್ಕ ತನ್ನ ಕೈಗಳನ್ನೇ ನೋಡಿಕೊಂಡಳು. ವಿಚಾರಿಸುವ ಕೆಲಸವನ್ನು ಹೆಡ್ ನರ್ಸ್ ವಹಿಸಿಕೊಂಡಳು. ದಿಂಬಿನಡಿ ಬಚ್ಚಿಟ್ಟ ಮಾತ್ರೆಯನ್ನೂ ಬಿಡದೆ ಪತ್ತೆ ಹಚ್ಚುತ್ತಾಳೆಂದು ರೋಗಿಗಳು ಅವಳನ್ನು ಸಿಐಡಿ ಸಿಸ್ಟರ್ ಎನ್ನುತ್ತಿದ್ದರು.

* * *

"ಬಾತ್‌ರೂಮಲ್ಲಿ ಜಾರಿದೆ ಕಣಮ್ಮ. ನಲ್ಲಿ ತಗುಲ್ತು," ಎಂದಳು ಅಜ್ಜಿ.

ಹೇಳುವಾಗ ಅವಳು ನೋಡಿದ್ದು ಸಿಸ್ಟರನ್ನಲ್ಲ, ಗಂಡನನ್ನು. ಕೂದಲುದುರಿದ ಹೆಂಡತಿಯ ತಲೆಗೆ ಅಜ್ಜ ಮೆತ್ತನೆಯ ಟೋಪಿ ಹೊಲಿಯುತ್ತಿದ್ದ. ಕಸುಬಿನಲ್ಲಿ ದರ್ಜಿ. ತಲೆ ಎತ್ತಲಿಲ್ಲ.

ಸಿಸ್ಟರ್ ಹೋಗಿ ನಲ್ಲಿಯನ್ನು ನೋಡಿ ಬಂದಳು. ಅದರ ಹಿಡಿ ಅಗಲ, ಗಾಯ ಪುಟ್ಟದು. ವಾಕರಿಕೆ ತಡೆಯಲೆಂದು ಅಜ್ಜಿ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪಟ್ಟಿಯನ್ನೂ ನೋಡಿದಳು. ಅದರ ಗುಂಡಿ ನುಣುಪು. ಕೊನೆಗೆ ಗಾಯದ ಮೇಲೇ ಟಾರ್ಚ್ ಬಿಟ್ಟಳು. ನೀಲಿಯೊಳಗೆ ಸಾಲುಸಾಲು ಸಣ್ಣ ಚುಕ್ಕಿಗಳು.

ಯಾರ ಹೆಬ್ಬೆರಳೂ ಹಾಗೆ ಚುಕ್ಕಿ ಇಡುವುದಿಲ್ಲ. ಸಿಸ್ಟರಿಗೆ ಎಲ್ಲ ಹೊಳೆಯಿತು. ಹೊಳೆಯದಿದ್ದರೇ ಚೆನ್ನಾಗಿತ್ತು ಎನ್ನಿಸಿತು.

* * *

ಸಂಜೆ ಸಿಸ್ಟರ್ ಡಾಕ್ಟರು, ಒತ್ತಕ್ಕ ಇಬ್ಬರನ್ನೂ ಅಜ್ಜಿಯ ಹಾಸಿಗೆಯ ಬಳಿ ಕರೆದು, ಒದ್ದೆ ಸೋಪು ಹಿಡಿದು ಬಂದಳು.

"ಅಜ್ಜಾ, ಆ ಅಂಗುಸ್ತಾನ ಸ್ವಲ್ಪ ಕೊಡಿ."

ಸೂಜಿ ಚುಚ್ಚದಿರಲೆಂದು ಬೆರಳ ತುದಿಗೆ ಹಾಕಿದ್ದ ಲೋಹದ ಕವಚವನ್ನು ಅಜ್ಜ ತೆಗೆದು ಕೊಟ್ಟ. ಸಿಸ್ಟರ್ ಅದನ್ನು ಸೋಪಿಗೆ ಒತ್ತಿದಳು. ಪುಟ್ಟ ದುಂಡು ಅಚ್ಚು ಬಿತ್ತು. ಒಳಗೆ ಸಾಲುಸಾಲು ಚುಕ್ಕಿ.

"ಜಾರಿ ಬಿದ್ದಿದ್ರೆ ಇಂಥ ಗುರುತು ಬೀಳಲ್ಲ. ಇದು ಒತ್ತಕ್ಕ ದಿನಾ ಒತ್ತೋ ಜಾಗದಲ್ಲೇ ಇದೆ. ನೋಡಿ ಕಲಿತವರು ಒತ್ತಿದ್ದಾರೆ. ಅಜ್ಜಿ ಸುಳ್ಳು ಹೇಳಿದ್ದು ಯಾರಿಗೋಸ್ಕರ ಅಂತ ಕೇಳಲೇಬೇಕಿಲ್ಲ."

ಅಜ್ಜನ ಕಣ್ಣು ತುಂಬಿತು. "ನಿನ್ನೆ ಒತ್ತಕ್ಕ ಮನೆಗೆ ಹೋದ್ಮೇಲೆ ಇವಳಿಗೆ ಮತ್ತೆ ಸಂಕಟ ಶುರುವಾಯ್ತು. ನೋಡ್ತಾ ಕೂತಿರೋಕೆ ಆಗ್ಲಿಲ್ಲ. ಬೆರಳಲ್ಲಿ ಕಸುವಿಲ್ಲ, ಅದಕ್ಕೇ ಇದನ್ನ ಹಾಕ್ಕೊಂಡು ಒತ್ತಿದೆ. ಬೆಳಿಗ್ಗೆ ಬಾಯಿ ಬಿಡೋಕೆ ಧೈರ್ಯ ಸಾಲಲಿಲ್ಲ. ತಪ್ಪಾಯ್ತು ತಾಯಿ."

"ನೋಯ್ತಿದ್ರೆ ಹೇಳಬಾರದಿತ್ತಾ ಅಜ್ಜಿ?" ಎಂದರು ಡಾಕ್ಟರು.

"ಹೇಳಿದ್ರೆ ಇವರು ಹಿಡಿದ ಕೈ ಬಿಟ್ಟುಬಿಡ್ತಿದ್ರು."

ಡಾಕ್ಟರು ಒತ್ತಕ್ಕನ ಕಡೆ ತಿರುಗಿದರು. "ದುಡುಕಿಬಿಟ್ಟೆ. ಕ್ಷಮಿಸಿ. ನಾಳೆ ಬನ್ನಿ."

ಒತ್ತಕ್ಕ ಮೂಗು ಒರೆಸಿಕೊಂಡಳು. ಅಜ್ಜನ ಬರಿಬೆರಳನ್ನು ಹಿಡಿದು ಅಜ್ಜಿಯ ಇನ್ನೊಂದು ಮಣಿಕಟ್ಟಿನ ಮೇಲಿಟ್ಟಳು.

"ಒತ್ತಿ ಅಜ್ಜಾ."

"ಬಲ ಇಲ್ಲಮ್ಮ."

"ಇದ್ದಷ್ಟೇ ಒತ್ತಿ."

ಅಜ್ಜ ಮೆಲ್ಲಗೆ ಒತ್ತಿದ. ಒತ್ತಕ್ಕ ಡಾಕ್ಟರ ಮುಖ ನೋಡಿದಳು. ಅವರು ತಲೆಯಾಡಿಸಿದರು.

"ಇಷ್ಟೇ ಸಾಕು ಅಜ್ಜಾ. ಈಗ ಅಜ್ಜಿ ಮೈ ತಡ್ಕೊಳ್ಳೋದೂ ಇಷ್ಟೇ."

ಅಜ್ಜ ಸೂಜಿಗಾಗಿ ಇನ್ನೊಂದು ಕೈಯಲ್ಲಿ ತಡಕಾಡಿದ.

"ಟೋಪಿ ನಾಳೆ ಹೊಲೀರಿ," ಎಂದಳು ಅಜ್ಜಿ, ಕಣ್ಣು ಮುಚ್ಚಿಕೊಂಡೇ.