ಇಲಿ ಬಿದ್ದ ಬಂಗಲೆ

ಮನೆ ಕೈತಪ್ಪಿದ್ದಕ್ಕಿಂತ, ಅದು ಕೈತಪ್ಪುತ್ತಿದ್ದಾಗ ತಾನು ಎದುರಿಗೇ ನಗುತ್ತ ಕೂತಿದ್ದೆನೆಂಬುದು ಬೈಲಪ್ಪನನ್ನು ಹೆಚ್ಚು ಸುಡುತ್ತಿತ್ತು.

ಯುದ್ಧ ಮುಗಿದು ವರ್ಷ ಕಳೆದಿತ್ತು. ಇಂಗ್ಲಿಷ್ ದೊರೆಗಳು ಒಬ್ಬೊಬ್ಬರಾಗಿ ತಮ್ಮ ಊರಿಗೆ ಹೊರಡುತ್ತಿದ್ದರು. ದಂಡು ಪ್ರದೇಶದ ಬಂಗಲೆಗಳು ಮಾರಾಟಕ್ಕಿವೆಯೆಂದು ಯಾರೂ ಪತ್ರಿಕೆಯಲ್ಲಿ ಹಾಕಿಸುತ್ತಿರಲಿಲ್ಲ, ಗೇಟಿಗೆ ಹಲಗೆ ತೂಗುಹಾಕುತ್ತಿರಲಿಲ್ಲ. ಬಟ್ಲರ್ ಜಟಕಾದವನ ಕಿವಿಯಲ್ಲಿ ಹೇಳಬೇಕು, ಜಟಕಾದವನು ಗೊತ್ತಿದ್ದವರಿಗೆ ಹೇಳಬೇಕು. ಅಷ್ಟರಲ್ಲಿ ಯಾರೋ ಮಿಲಿಟರಿ ಕಂಟ್ರಾಕ್ಟರನ ಹೆಂಡತಿ ಆ ಮನೆಯ ವರಾಂಡದಲ್ಲಿ ಹಪ್ಪಳ ಒಣಹಾಕಿಯಾಗಿರುತ್ತಿತ್ತು. ಬೈಲಪ್ಪ ಹೀಗೆ ಎರಡು ಬಂಗಲೆಗಳನ್ನು ಕಳೆದುಕೊಂಡಿದ್ದ. ಬ್ಲ್ಯಾಕ್‌ಪಲ್ಲಿಯಲ್ಲಿ, ರಸೆಲ್ ಮಾರ್ಕೆಟ್ಟಿನ ಹಿಂದುಗಡೆ ಅವನ ಹುಲ್ಲು ಹುರುಳಿಯ ಗೋದಾಮು. ಕುದುರೆ ಸಾಕಿದ ದೊರೆಗಳ ಮನೆಗಳಿಗೆಲ್ಲ ಅವನದೇ ಮೇವು. ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ ಹಿತ್ತಲ ಬಾಗಿಲಿನಿಂದಲೇ ಹೊರಗೆ ಬಂದು ಅರ್ಧ ಆಯಸ್ಸು ಕಳೆದವನಿಗೆ, ಮುಂಬಾಗಿಲಿನಿಂದ ಒಳಹೋಗುವ ಮನೆಯೊಂದು ಬೇಕಾಗಿತ್ತು.

ಮೂರನೆಯದು ಹಲಸೂರು ಕೆರೆಯ ಕಡೆಯ ಹಾರ್ಟ್‌ನೆಲ್ ಮೇಮ್‌ಸಾಹೇಬರ ಬಂಗಲೆ. ವಿಧವೆ, ಮಕ್ಕಳಿಲ್ಲ, ಇರುವುದೊಂದು ಮುದಿ ಕುದುರೆ. ಅವರು ಮನೆ ಮಾರಿ ಹೊರಡುತ್ತಾರೆಂದು ಅಡುಗೆಯ ಅಕ್ತರ್ ಮೊದಲು ಹೇಳಿದ್ದು ಬೈಲಪ್ಪನಿಗೆ. ಬೈಲಪ್ಪ ಅದನ್ನು ಒಬ್ಬನಿಗೆ ಮಾತ್ರ ಹೇಳಿದ. ಅಂಜನಮೂರ್ತಿ ಒಂದೇ ಬೀದಿಯಲ್ಲಿ ಬೆಳೆದ ಗೆಳೆಯ, ಇಂಗ್ಲಿಷ್ ಓದಿ ಗುಮಾಸ್ತನಾದವನು. ಬೈಲಪ್ಪನ ಹೆಂಡತಿ ಪಿಳ್ಳಮ್ಮ ಗಂಡನಿಗೆ ಮುದ್ದೆ ಬಡಿಸುವಾಗ ಅವನ ತಟ್ಟೆಗೂ ಕೇಳದೆ ಬಡಿಸುತ್ತಿದ್ದಳು. ಇಂಗ್ಲಿಷ್ ಬಾರದ ಬೈಲಪ್ಪನಿಗೆ ಮೇವಿನ ಲೆಕ್ಕಕ್ಕಾದರೆ ಅಕ್ತರನ ಬಾಯಿ ಸಾಕು. ಮನೆ ಕೊಳ್ಳುವ ಮಾತಿಗೆ ಕೋಟು ಹಾಕಿದವನೊಬ್ಬ ಪಕ್ಕದಲ್ಲಿರಬೇಕೆಂದು ಬೈಲಪ್ಪನೇ ಅವನನ್ನು ಕರೆದುಕೊಂಡು ಹೋದ.

ಅವತ್ತು ಮೇಮ್‌ಸಾಹೇಬರು ಅಕ್ತರನ ಕೈಯಲ್ಲಿ ಟೀ ಕೊಡಿಸಿದರು. ಅಂಜನಮೂರ್ತಿ ಬಹಳ ಹೊತ್ತು ಇಂಗ್ಲಿಷಿನಲ್ಲಿ ಮಾತಾಡಿದ. ನಡುನಡುವೆ ಇತ್ತ ತಿರುಗಿ, "ಎಲ್ಲಾ ಸರಿಹೋಗ್ತಿದೆ ಕಣೋ" ಎನ್ನುತ್ತಿದ್ದ. ಬೈಲಪ್ಪ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನಗುತ್ತ ತಲೆಯಾಡಿಸಿದ. ಕಿಟಕಿಯಾಚೆ ಗುಲಾಬಿ ಮಡಿಗಳು ಕಾಣುತ್ತಿದ್ದವು. ಅವುಗಳಿಗೆ ನೀರು ಹಾಯಿಸುವವನನ್ನು ಯಾರನ್ನು ಇಟ್ಟುಕೊಳ್ಳಬೇಕೆಂದು ಅವನು ಆಗಲೇ ಯೋಚಿಸುತ್ತಿದ್ದ.

ಮಾರನೆಯ ವಾರ ಹುಲ್ಲು ಇಳಿಸುವಾಗ ಅಕ್ತರ್ ಅವನನ್ನು ವಿಚಿತ್ರವಾಗಿ ನೋಡಿದ. ಮನೆ ಅಂಜನಮೂರ್ತಿಗೆ ಹೋಯಿತು, ಮುಂಗಡವೂ ಆಯಿತು ಎಂದ. ಬೈಲಪ್ಪನಿಗೆ ಅರ್ಥವಾಗಲಿಲ್ಲ. ಅಕ್ತರ್ ಬಿಡಿಸಿ ಹೇಳಿದ: ಈ ಮೇವಿನವನ ಕೈಗೆ ಕೊಟ್ಟರೆ ಗುಲಾಬಿ ಕಿತ್ತು ಕುದುರೆ ಲಾಯ ಕಟ್ಟುತ್ತಾನೆ, ನಾನು ನಿಮ್ಮ ತೋಟವನ್ನು ಹೀಗೇ ಉಳಿಸಿಕೊಳ್ಳುತ್ತೇನೆ ಎಂದು ಅಂಜನಮೂರ್ತಿ ಮೇಮ್‌ಸಾಹೇಬರಿಗೆ ಮಾತು ಕೊಟ್ಟಿದ್ದ. ಆ ದಿನವೇ, ಅದೇ ಟೇಬಲ್ಲಿನ ಮುಂದೆ.

"ನೀವು ನಗ್ತಾ ಕೂತಿದ್ರಲ್ಲ ಭಾಯ್," ಎಂದ ಅಕ್ತರ್. "ನೀವೇ ಬಿಟ್ಕೊಟ್ರಿ ಅಂದ್ಕೊಂಡೆ ನಾನು."

ಬೈಲಪ್ಪ ಕೂಗಾಡಲಿಲ್ಲ. ಅಂಜನಮೂರ್ತಿಯ ಮನೆಗೆ ಹೋಗಿ ಜಗಳವನ್ನೂ ತೆಗೆಯಲಿಲ್ಲ. ಪಿಳ್ಳಮ್ಮನಿಗೆ ಮಾತ್ರ, ಇನ್ನು ಮೇಲೆ ಅವನಿಗೆ ತಟ್ಟೆ ಇಡಬೇಡ ಎಂದ. ಯಾಕೆಂದು ಅವಳು ಕೇಳಿದಾಗ ಎದ್ದು ಹೊರಗೆ ಹೋದ.

ಹೊಡೆಸುವುದು, ಬೆಂಕಿ ಇಡಿಸುವುದು ಇವೆಲ್ಲ ಅವನಿಗೆ ಹೊಳೆಯದೆ ಇರಲಿಲ್ಲ. ಆದರೆ ಮನೆ ಅವನಿಗೆ ಬೇಕಾಗಿತ್ತು, ಬೂದಿಯಲ್ಲ. ಅಂಜನಮೂರ್ತಿ ತಾನಾಗಿಯೇ ಕೈಬಿಡಬೇಕು, ಹೆದರಿ ಓಡಬೇಕು, ಓಡುವಾಗ ಹಿಂದೆ ತಿರುಗಿ ನೋಡಬಾರದು. ಅವನನ್ನು ಹೆದರಿಸುವುದು ಯಾವುದೆಂದು ಅವನ ಅನ್ನ ಹಂಚಿಕೊಂಡವನಿಗಲ್ಲದೆ ಇನ್ಯಾರಿಗೆ ಗೊತ್ತು? ಅಂಜನಮೂರ್ತಿಯ ಹೆಂಡತಿ ಮುನಿಲಕ್ಷ್ಮಮ್ಮ ದೊಡ್ಡನೆಕ್ಕುಂದಿಯವಳು. ಅವಳು ಚಿಕ್ಕವಳಿದ್ದಾಗ ಅಲ್ಲಿ ಪ್ಲೇಗು ಬಂದು ತವರಿನಲ್ಲಿ ದೀಪ ಹಚ್ಚುವವರಿಲ್ಲದಂತಾಗಿತ್ತು. ಇಂದಿಗೂ ಜಂತಿಯ ಮೇಲೆ ಇಲಿ ಓಡಿದರೆ ಅವಳು ಮಕ್ಕಳನ್ನು ಎಳೆದುಕೊಂಡು ಬೀದಿಗೆ ಬರುತ್ತಿದ್ದಳು.

ಇಲಿಗಳು ತಾವಾಗಿ ಸತ್ತು ಬೀಳುವುದೇ ಪ್ಲೇಗಿನ ಮೊದಲ ಗುರುತು. ಇಲಿ ಬಿದ್ದವು ಎಂಬ ಎರಡು ಮಾತು ಸಾಕು. ಬೀದಿಗೆ ಬೀದಿಯೇ ಖಾಲಿಯಾಗುತ್ತದೆ.

ಹಂಚಿಕೆಯನ್ನು ಬೈಲಪ್ಪ ನಿಧಾನವಾಗಿ ತಿದ್ದಿದ. ಬೋನಿಗೆ ಬಿದ್ದ ಇಲಿಯ ಕತ್ತು ಮುರಿದಿರುತ್ತದೆ, ಹೊಡೆದದ್ದರ ತಲೆ ಒಡೆದಿರುತ್ತದೆ. ಆರೋಗ್ಯ ಇಲಾಖೆಯವರು ನೋಡಿದರೆ ಗುರುತು ಹಿಡಿಯಬಹುದು. ಮೈಮೇಲೆ ಗೀರೂ ಇಲ್ಲದ ಇಲಿಗಳು ಬೇಕು. ಅವು ಅವನ ಗೋದಾಮಿನಲ್ಲೇ ಸಿಕ್ಕವು. ಹುರುಳಿ ಮೂಟೆಗಳ ಹಿಂದೆ ಐದಾರು ಮಲಗಿದ್ದಂತೆ ಬಿದ್ದಿದ್ದವು, ಒಂದೆರಡರ ಮೈ ಇನ್ನೂ ಬೆಚ್ಚಗಿತ್ತು. ಇಲಿಗಳ ಕಾಟ ಹೆಚ್ಚಿತೆಂದು ಹಿಂದಿನ ವಾರವಷ್ಟೇ ಕಾವಲಿನ ಮುನಿಆಂಜನಪ್ಪನಿಗೆ ಪಾಷಾಣ ತಂದುಕೊಟ್ಟು ಮೂಲೆಮೂಲೆಗೆ ಇಡಲು ಹೇಳಿದ್ದ. ಸರಿಯಾದ ಹೊತ್ತಿಗೆ ಫಲ ಕೊಟ್ಟಿತು ಎಂದುಕೊಂಡ. ದೇವರೂ ನ್ಯಾಯದ ಕಡೆಗಿದ್ದಾನೆ ಎಂದೂ ಅನ್ನಿಸಿತು.

ಗಾಡಿಯವನನ್ನು ಜೊತೆಗೆ ಕರೆದುಕೊಳ್ಳಲಿಲ್ಲ. ಒಬ್ಬನನ್ನು ನಂಬಿ ಕೆಟ್ಟದ್ದು ಸಾಕಾಗಿತ್ತು. ಇಲಿಗಳನ್ನು ತಾನೇ ಕೈಯಿಂದ ಎತ್ತಿ ಗೋಣಿಗೆ ಹಾಕಿ, ಮೇಲೆ ಹಸಿ ಹುಲ್ಲು ತುಂಬಿ, ಭಾನುವಾರ ಬೆಳಿಗ್ಗೆ ಹೆಗಲ ಮೇಲೆ ಹೊತ್ತು ಹಲಸೂರಿಗೆ ನಡೆದ. ಮೇಮ್‌ಸಾಹೇಬರು ಚರ್ಚಿಗೆ ಹೋಗಿದ್ದರು, ಅಕ್ತರ್ ಮಾಂಸ ತರಲು ಮಾರ್ಕೆಟ್ಟಿಗೆ. ಮೇವಿನವನು ಹಿತ್ತಲಿಗೆ ಬಂದರೆ ಯಾರು ಯಾಕೆ ನೋಡುತ್ತಾರೆ? ಒಂದನ್ನು ಉಗ್ರಾಣದಲ್ಲಿ, ಒಂದನ್ನು ಬಚ್ಚಲ ಮೋರಿಯ ಹತ್ತಿರ, ಉಳಿದವನ್ನು ಒಳಗಿನ ಕೋಣೆಗಳಲ್ಲಿ ಬಿಟ್ಟ. ಆ ದಿನ ಮಧ್ಯಾಹ್ನ ಮುನಿಲಕ್ಷ್ಮಮ್ಮ ಹೊಸ ಮನೆ ನೋಡಲು ಬರುವವಳಿದ್ದಳೆಂಬುದು ಅವನಿಗೆ ಗೊತ್ತಿತ್ತು.

ಮುಂದಿನದು ಅವನು ಎಣಿಸಿದ್ದಕ್ಕಿಂತ ಸಲೀಸಾಗಿ ನಡೆಯಿತು. ಮುನಿಲಕ್ಷ್ಮಮ್ಮ ಚಪ್ಪಲಿ ಅಲ್ಲೇ ಬಿಟ್ಟು ಓಡಿದಳೆಂದು ಅಕ್ತರ್ ಹೇಳಿದ. ಆರೋಗ್ಯದವರು ಬಂದು ಇಲಿಗಳಿಗೆ ಸೀಮೆಎಣ್ಣೆ ಸುರಿದು ಸುಟ್ಟು, ಗೋಡೆಗಳಿಗೆಲ್ಲ ಔಷಧಿ ಎರಚಿದರು. ಹಲಸೂರಿನಲ್ಲಿ ಪ್ಲೇಗಿನ ಸೂಜಿ ಚುಚ್ಚಿಸಿಕೊಳ್ಳಲು ಜನ ಸಾಲು ನಿಂತರು. ಅಂಜನಮೂರ್ತಿಯ ಮನೆಯವರು ಚುಚ್ಚಿಸಿಕೊಂಡರು, ಅಕ್ತರ್ ಚುಚ್ಚಿಸಿಕೊಂಡ, ಪಿಳ್ಳಮ್ಮ ಮಗಳನ್ನು ಕರೆದುಕೊಂಡು ಹೋಗಿ ಚುಚ್ಚಿಸಿಕೊಂಡು ಬಂದು ಊದಿದ ತೋಳು ಹಿಡಿದು ಕೂತಳು. ನೀವೂ ಹೋಗಿಬನ್ನಿ ಎಂದು ಗಂಡನನ್ನು ಬೇಡಿಕೊಂಡಳು. ಬೈಲಪ್ಪ ನಕ್ಕುಬಿಟ್ಟ. ಇಡೀ ಹಲಸೂರಿನಲ್ಲಿ ಹೆದರಬೇಕಿಲ್ಲದವನು ತಾನೊಬ್ಬನೇ ಎಂಬ ಗುಟ್ಟು ಅವನೊಳಗೆ ಬೆಲ್ಲದಂತೆ ಕರಗುತ್ತಿತ್ತು.

ಎರಡು ದಿನವಾದ ಮೇಲೆ ಅಂಜನಮೂರ್ತಿ ಮುಂಗಡದ ಆಸೆಯನ್ನೂ ಬಿಟ್ಟು ಹಿಂದೆ ಸರಿದ. ಬೈಲಪ್ಪ ಅದೇ ಸಂಜೆ, ಈ ಸಲ ಅಕ್ತರನನ್ನೇ ಮಾತಿಗೆ ನಿಲ್ಲಿಸಿಕೊಂಡು, ಮೇಮ್‌ಸಾಹೇಬರ ಮುಂದೆ ನಿಂತ. ಹಡಗಿನ ದಿನ ಹತ್ತಿರವಾಗಿ ಕಂಗಾಲಾಗಿದ್ದ ಮುದುಕಿ ಅವನ ಕೈ ಹಿಡಿದುಕೊಂಡು ಕಣ್ಣೀರು ಹಾಕಿದರು. ನೀನು ಧೈರ್ಯವಂತ ಎನ್ನುತ್ತಿದ್ದಾರೆ ಎಂದು ಅಕ್ತರ್ ಹೇಳಿದ. ಗುಲಾಬಿ ಗಿಡಗಳನ್ನು ಕೀಳುವುದಿಲ್ಲವೆಂದು ಹೇಳು ಎಂದ ಬೈಲಪ್ಪ. ಅದು ಸುಳ್ಳಾಗಿರಲಿಲ್ಲ.

ವಿಷಯ ತಿಳಿದು ಅಂಜನಮೂರ್ತಿ ಗೋದಾಮಿನವರೆಗೆ ಬಂದ. ಒಳಗೆ ಕಾಲಿಡಲಿಲ್ಲ, ಬಾಗಿಲಲ್ಲೇ ನಿಂತ. ಮುಖ ಇಳಿದುಹೋಗಿತ್ತು.

"ನಾನ್ ಮಾಡಿದ್ದು ದ್ರೋಹಾನೇ," ಎಂದ. "ಬೇಕಾದ್ರೆ ಉಗಿ. ಆದ್ರೆ ಆ ಮನೆ ತಗೋಬೇಡ ಕಣೋ. ಪಿಳ್ಳಮ್ಮ ಇದ್ದಾಳೆ, ಹೆಣ್ಮಗು ಇದೆ."

"ನಿನ್ಗೆ ಬೇಡವಾಯ್ತು ಅಂತ ನನ್ಗೂ ಬೇಡ ಅಂತೀಯಾ?"

"ಕೈ ಮುಗೀತೀನಿ. ಹೋಗ್ಬೇಡ."

ಬೈಲಪ್ಪ ತಕ್ಕಡಿಯ ಸರಪಳಿಯನ್ನು ಸರಿಮಾಡುತ್ತ ಅವನ ಕಡೆ ನೋಡಲೂ ಇಲ್ಲ. ಒಂದು ಗಳಿಗೆ ಆ ದನಿಯಲ್ಲಿ ಹಳೆಯ ಗೆಳೆಯ ಕೇಳಿಸಿದ. ಆದರೆ ಅದೇ ದನಿ ಮೇಮ್‌ಸಾಹೇಬರ ಮನೆಯಲ್ಲಿ 'ಎಲ್ಲಾ ಸರಿಹೋಗ್ತಿದೆ' ಎಂದಿತ್ತು. ಅಂಜನಮೂರ್ತಿ ಛತ್ರಿ ಬಗಲಿಗೆ ಸಿಕ್ಕಿಸಿಕೊಂಡು ಹೊರಟುಹೋದ.

ಕೀಲಿ ಕೈಗೆ ಬಂದ ದಿನ ಬೈಲಪ್ಪ ಮುಂಬಾಗಿಲಿನಿಂದ ಒಳಗೆ ಹೋದ. ಬೆಳಿಗ್ಗೆಯಿಂದ ತಲೆ ಸಿಡಿಯುತ್ತಿತ್ತು. ಓಡಾಟದ ದಣಿವು ಎಂದುಕೊಂಡಿದ್ದ. ಬಿಸಿಲಲ್ಲಿ ನಿಂತರೂ ಚಳಿ ಬಿಡಲಿಲ್ಲ. ತೊಡೆಯ ಸಂದಿಯಲ್ಲಿ ನೋವು ಹಿಡಿದು, ವರಾಂಡದ ಮೆಟ್ಟಿಲು ಹತ್ತಲು ಕಂಬ ಹಿಡಿಯಬೇಕಾಯಿತು. ಕೈಯಿಟ್ಟು ನೋಡಿದರೆ ನಿಂಬೆಯಷ್ಟು ಗಡ್ಡೆ. ಗೋಣಿ ಹೊತ್ತು ನಡೆದು ನರ ಉಳುಕಿರಬೇಕು ಎಂದು ಸಮಾಧಾನ ಹೇಳಿಕೊಂಡು ಮೇಮ್‌ಸಾಹೇಬರು ಬಿಟ್ಟುಹೋದ ಬೆತ್ತದ ಕುರ್ಚಿಯಲ್ಲಿ ಕೂತ. ಗೋದಾಮಿನ ಮುನಿಆಂಜನಪ್ಪ ಮನೆ ನೋಡಿ ಹೋಗಲು ಬಂದಿದ್ದವನು, ಸೂಜಿ ಚುಚ್ಚಿಸಿಕೊಂಡ ತೋಳನ್ನು ನೀವುತ್ತ, ಕಣ್ಣರಳಿಸಿ ಕೋಣೆಗಳನ್ನೆಲ್ಲ ಸುತ್ತಿ ಬಂದು ಮೆಟ್ಟಿಲ ಮೇಲೆ ಕುಕ್ಕರಿಸಿದ. ಆಮೇಲೆ ಏನೋ ನೆನಪಾದವನಂತೆ ಮಡಿಲಿನಿಂದ ಒಂದು ಪೊಟ್ಟಣ ತೆಗೆದು, ಕಟ್ಟಿದ ದಾರ ಕಟ್ಟಿದಂತೆಯೇ ಇದ್ದದ್ದನ್ನು, ಒಡೆಯನ ಕಾಲ ಬಳಿ ಇಟ್ಟ. "ಇದನ್ನ ವಾಪಸ್ ಕೊಟ್ಬಿಡೋಣ ಅಂತ ತಂದೆ ಯಜಮಾನ್ರೇ," ಎಂದ. "ನೀವ್ ಕೊಟ್ಟಿದ್ ಪಾಷಾಣ. ನಾನ್ ಬಿಚ್ಚೇ ಇಲ್ಲ. ಇಡೋಣ ಅನ್ನೋಷ್ಟ್ರಲ್ಲಿ ಇಲಿಗಳು ತಾವಾಗೇ ಸಾಯೋಕೆ ಶುರುವಾದ್ವು."