ಮೇಲಿನ ಮಹಡಿಗೆ ಹೋದ ಅರ್ಜಿ

ಅವಳ ವರ್ಗಾವಣೆ ಅರ್ಜಿಯನ್ನು ಹಿಡಿದು ಅವನು ಮೆಟ್ಟಿಲಿಳಿದು ಬರುವುದನ್ನು ಕಂಡು, ಭೂಮಿ ಬಾಯಿಬಿಡಬಾರದೇ ಎನಿಸಿತು ಅವಳಿಗೆ.

ಪ್ರಿಂಟ್ ಕೊಡುವಾಗ ಕೋಪದಲ್ಲಿ ಮರೆತಿದ್ದಳು... ಸೋಮವಾರದಿಂದ ಅವಳ ಒಂದು ಹಾಳೆಯೂ ಪಕ್ಕದ ಪ್ರಿಂಟರಿನಲ್ಲಿ ಬರುತ್ತಿರಲಿಲ್ಲ. ಎಲ್ಲವೂ ಮೇಲಿನ ಮಹಡಿಯ ಹೊಸ ಪ್ರಿಂಟರಿನಲ್ಲಿ, ಹೊಸ ಅನುವಾದಕಿಯ ಕುರ್ಚಿಯ ಬಳಿ ಬೀಳುತ್ತಿದ್ದವು.

ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವ ಈ ಮಹಾಶಯನೂ ಸೋಮವಾರದಿಂದ ಅಲ್ಲೇ ಠಿಕಾಣಿ ಹೂಡಿದ್ದ.

ನಕ್ಷೆ ಬಿಡಿಸುವುದು ಅವಳ ಕೆಲಸ. ಎರಡು ಗೆರೆ ಸಿಕ್ಕರೆ ಇಡೀ ದಾರಿ ಊಹಿಸಿಬಿಡುವ ಅಭ್ಯಾಸ. ಅನುವಾದಕಿ ನಗುನಗುತ್ತ ಹಾಳೆ ತಂದುಕೊಡುವುದು ಒಂದು ಗೆರೆ. 'ಅವರು ಮೇಲೇ ಇದ್ದಾರೆ, ಟೀನೂ ಕುಡಿದಿಲ್ಲ, ಪಾಪ' ಎನ್ನುವುದು ಇನ್ನೊಂದು. ಆ 'ಪಾಪ' ಮೂರು ದಿನದಿಂದ ಅವಳ ಹೊಟ್ಟೆ ಉರಿಸುತ್ತಿತ್ತು. ಬೇಕೆಂದೇ ನನ್ನ ಹಾಳೆಗಳನ್ನು ಮೇಲೆ ಕಳಿಸಿ, ಸರಿಮಾಡುವ ನೆಪದಲ್ಲಿ ಅಲ್ಲಿ ಕೂರುತ್ತಾನೆ...

ಫೋನಿನಲ್ಲಿ ಅಕ್ಕನಿಗೆ ಇದನ್ನೆಲ್ಲ ತೋಡಿಕೊಂಡರೆ, ಅಕ್ಕ ಕೇಳಿದ್ದು ಒಂದೇ: ಅವನು ನಿನಗೆ ಏನಾಗಬೇಕು? ಫೋನಿಟ್ಟವಳೇ ಅವಳು ಅರ್ಜಿ ಬರೆದಿದ್ದಳು.

"ಬೇರೆ ಶಾಖೆಗೆ ಹೋಗ್ತೀರಾ?" ಎಂದ.

"ಅಲ್ಲಿ ನನ್ನ ಹಾಳೆ ನನ್ನ ಹತ್ರಾನೇ ಬೀಳುತ್ತಂತೆ."

ಅವನು ಅವಳ ಕಂಪ್ಯೂಟರಿನ ಮುಂದೆ ಕೂತ. ಮೇಲಿನ ಪ್ರಿಂಟರನ್ನು ಬಿಚ್ಚಿದ್ದ, ಸರ್ವರನ್ನು ಜಾಲಾಡಿದ್ದ. ಇದೊಂದನ್ನು ಮಾತ್ರ ಮುಟ್ಟಿರಲಿಲ್ಲ.

ಕೆಳಗಿನ ಪ್ರಿಂಟರಿನ ಹೆಸರು ಕುಟ್ಟಿದರೆ, ಹಾಳೆ ಎಲ್ಲಿಗೆ ಹೋಗಬೇಕೆಂದು ಹೇಳುವ ನಂಬರ್ ಪಕ್ಕದ ಕಂಪ್ಯೂಟರಿನಲ್ಲಿ ಹೊಸದು ಬಂತು, ಅವಳದರಲ್ಲಿ ಹಳೆಯದು. ಭಾನುವಾರ ಅವನೇ ನಂಬರುಗಳನ್ನು ಬದಲಾಯಿಸಿ, ಹಳೆಯದನ್ನು ಮೇಲಿನ ಪ್ರಿಂಟರಿಗೆ ಕೊಟ್ಟಿದ್ದ. ಉಳಿದೆಲ್ಲ ಕಂಪ್ಯೂಟರುಗಳೂ ಸರ್ವರನ್ನು ಕೇಳಿ ಹೊಸದನ್ನು ತಿಳಿದುಕೊಂಡಿದ್ದವು. ಅವಳದು ಕೇಳಿರಲೇ ಇಲ್ಲ.

ಅವನು ಯಾವುದೋ ಪುಟ್ಟ ಫೈಲು ತೆರೆದ. ತಕ್ಷಣ ಮುಚ್ಚಲು ಹೋದ. ಅವಳು ಮೌಸ್ ಕಸಿದುಕೊಂಡಳು.

ಅದರಲ್ಲಿ ಯಾರೋ ಸೇರಿಸಿದ ಒಂದು ಸಾಲು: ಪ್ರಿಂಟರಿನ ಹೆಸರು, ಹಳೆಯ ನಂಬರ್. ಅದಿದ್ದುದರಿಂದಲೇ ಅವಳ ಕಂಪ್ಯೂಟರು ಸರ್ವರನ್ನು ಕೇಳಿರಲಿಲ್ಲ. ಪಕ್ಕದಲ್ಲಿ ಟಿಪ್ಪಣಿ: 'ನಕ್ಷೆಯವಳು ಕಾಯಬಾರದು.' ಮೂರು ವರ್ಷದ ಹಿಂದಿನ ತಾರೀಖು.

ಅವಳು ಕೆಲಸಕ್ಕೆ ಸೇರಿದ ಎರಡನೆಯ ದಿನ. ಸರ್ವರ್ ಕೆಟ್ಟು ಎಲ್ಲರೂ ಕೈಕಟ್ಟಿ ಕೂತಿದ್ದರು. ಮೊದಲ ನಕ್ಷೆ ಹೊರಬರದೆ ಅವಳ ಕಣ್ಣು ತುಂಬಿತ್ತು. ಯಾರೋ ಬಂದು ಬಗ್ಗಿ ಏನೋ ಕುಟ್ಟಿ, 'ಆಯ್ತು ನೋಡಿ' ಎಂದು ಹೋಗಿದ್ದ... ಯಾರ ಕಂಪ್ಯೂಟರಿನಲ್ಲೂ ಹೀಗೆ ನಂಬರ್ ಬರೆದಿಡಕೂಡದೆಂದು ಗೋಡೆಗೆ ನೋಟಿಸು ಅಂಟಿಸಿದವನೂ ಇವನೇ.

"ಮತ್ತೆ ಮೇಲೆ ಯಾಕೆ ಕೂತಿರ್ತಿದ್ರಿ?"

"ನಿಮ್ಮ ಹಾಳೆ ಬಿದ್ದ ಕೂಡಲೇ ನಾನೇ ತಂದುಕೊಡೋಣ ಅಂತ. ಅವರು ನನಗಿಂತ ಮೊದಲೇ ಎದ್ದುಬಿಡ್ತಿದ್ರು."

ಮೂರು ದಿನದ ಉರಿ ನಗುವಾಗಿ ಹೊರಬಂತು.

"ಕಾಯಬಾರದು ಅಂತ ಬರೆದು, ಮೂರು ವರ್ಷ ಕಾಯಿಸಿದ್ರಲ್ಲ."

"ನೀವೂ ಕಾಯ್ತಿದ್ರಾ?" ಅವನ ದನಿ ಇಳಿಯಿತು. "ನಾನೊಬ್ಬನೇ ಅಂದ್ಕೊಂಡಿದ್ದೆ..."

ಸಾಲನ್ನು ಅಳಿಸಲು ಹೋದ ಅವನ ಕೈಯನ್ನು ಅವಳು ಹಿಡಿದಳು.

"ನಂಬರ್ ಮಾತ್ರ ಬದಲಾಯಿಸಿ. ಉಳಿದಿದ್ದು ಇರಲಿ."

"ನಿಯಮ ಇದೆಯಲ್ಲ?"

"ಆ ನೋಟಿಸು ನಾನು ಕೀಳ್ತೀನಿ."

ನಂಬರ್ ತಿದ್ದಿದ ಮೇಲೆ ಪರೀಕ್ಷೆಗೆ ಒಂದು ಹಾಳೆ ಬೇಕಿತ್ತು. ಅವಳು ಅರ್ಜಿಯನ್ನೇ ಮಗುಚಿ ಪ್ರಿಂಟರಿಗೆ ತುರುಕಿದಳು. ಅದು ಅವಳ ಮೊಣಕೈಯ ಪಕ್ಕದಲ್ಲೇ ಬಂದು ಬಿತ್ತು.

"ಟೀ ಕುಡಿದ್ರಾ?" ಎಂದಳು.

"ಇನ್ನೂ ಇಲ್ಲ."

"ಪಾಪ," ಎಂದಳು ಅವಳು. ಹಿಡಿದ ಕೈಯನ್ನು ಬಿಡಲಿಲ್ಲ.