ಪಿಂಗಾಣಿ ಬಿಲ್ಲೆಯ ಹುಡುಗಿ

“ಕೈ ತೆಗೀರಿ! ಹಿಟ್ಟು ಬಳಿಯೋಕೆ ಅದೇನು ಲಟ್ಟಿಸೋ ಮಣೆನಾ?”

ಅವಳ ಬೆರಳುಗಳು ಗಾಳಿಯಲ್ಲೇ ನಿಂತವು. ಸಮಾಧಿ ಕಲ್ಲಿನ ಸವೆದ ಅಕ್ಷರಗಳಿಗೆ ಹಿಟ್ಟು ತುಂಬಿದರೆ ಫೋಟೋದಲ್ಲಿ ಎದ್ದು ಕಾಣುತ್ತವೆ. ಹಳೆಯ ಸಮಾಧಿ ಮಂಟಪಗಳ ಫೋಟೋ ತೆಗೆಯುವ ಅವಳಿಗೆ ಯಾರೋ ಹೇಳಿಕೊಟ್ಟ ಉಪಾಯ ಅದು.

“ಹಿಟ್ಟು ತೇವ ಹಿಡಿದ್ರೆ ಕಲ್ಲಿಗೆ ಪಾಚಿ ಕಟ್ಟುತ್ತೆ ರೀ. ಒಳಗೆ ಮಲಗಿರೋರು ನಮ್ಮನೆಯವರು!”

ಬೈದವನ ಬೆರಳಿನಲ್ಲಿ ಮಂಟಪದ ಬೀಗದ ಕೈ ತೂಗುತ್ತಿತ್ತು. ಅವಳ ಕೆನ್ನೆ ಬಿಸಿಯಾಯಿತು.

“ಸಾರಿ... ನಿಜವಾಗ್ಲೂ ಗೊತ್ತಿರ್ಲಿಲ್ಲ.”

ಮರುದಿನ ಆತ ಬಂದಾಗ ಕಂಕುಳಲ್ಲಿ ತನ್ನ ಕನ್ನಡಕದ ಅಂಗಡಿಯ ಕನ್ನಡಿ! ಅದರಿಂದ ಬಿಸಿಲನ್ನು ಕಲ್ಲಿನ ಮೇಲೆ ಓರೆಯಾಗಿ ಹಾಯಿಸಿದ. ಅಕ್ಷರಗಳು ಒಂದೊಂದಾಗಿ ನೆರಳು ಹೊತ್ತು ಎದ್ದು ಬಂದವು.

“ಕೈ ಅಲುಗಿಸ್ಬೇಡಿ,” ಎಂದಳು.

“ನೀವು ಹಾಗೆ ನೋಡ್ತಿದ್ರೆ ಅಲುಗದೇ ಇರುತ್ತಾ?”

ಆಮೇಲೆ ದಿನವೂ ಕನ್ನಡಿ, ದಿನವೂ ಅಲ್ಲಿ ಮಲಗಿದವರ ಕಥೆ. ಜೀವಮಾನವಿಡೀ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು. ಬೇಕೆಂದೇ ಅವರಿಬ್ಬರ ನಡುವೆ ಜಾಗ ಕೇಳಿ ಮಲಗಿದ ಅಕ್ಕ... ‘ನನ್ನ ಕೆಲಸಕ್ಕೆ ಯಾರಾದರೂ ಹೀಗೆ ಬಿಸಿಲಲ್ಲಿ ನಿಂತಿದ್ದುಂಟೇ?’ ಅವಳ ಮನಸ್ಸು ತುಂಬಿ ಬರುತ್ತಿತ್ತು.

ಒಂದು ಬೆಳಿಗ್ಗೆ ಅವಳು ಬೇಗ ಬಂದಳು. ಮಂಟಪದೊಳಗೆ ಆತ ಹೊಸ ಕಲ್ಲೊಂದರ ಎದುರು ಹೂ ಇಡುತ್ತಿದ್ದ. ಹೂರಾಶಿ ಅಕ್ಷರಗಳನ್ನು ಮುಚ್ಚಿತ್ತು. ಮೇಲೆ, ಪಿಂಗಾಣಿ ಬಿಲ್ಲೆಯಲ್ಲಿ ಅಚ್ಚಾದ ಒಬ್ಬ ಹುಡುಗಿಯ ಫೋಟೋ. ಎಂಥ ಚೆಲುವೆ!

ಆತ ಬಿಲ್ಲೆಯನ್ನು ಮೆತ್ತಗೆ ಒರೆಸಿದ. “ಲೇಟಾಯ್ತು. ಬೇಜಾರ್ ಮಾಡ್ಕೋಬೇಡ.”

ಹೆಂಡತಿ! ಅವಳು ಸದ್ದಿಲ್ಲದೆ ಹಿಂತಿರುಗಿದಳು.

ಮತ್ತೆ ಆ ಕಡೆ ಸುಳಿಯಲೇ ಇಲ್ಲ. ಕೊನೆಗೆ ಆತನೇ ಅವಳ ಸ್ಟುಡಿಯೋ ಹುಡುಕಿಕೊಂಡು ಬಂದ.

“ನಾನು ಬೈದಿದ್ದಕ್ಕೆ ಈಗ ಸಿಟ್ಟು ಬಂತಾ?”

“ನಿಮ್ಮ ಹೆಂಡ್ತೀನ ನೋಡ್ದೆ. ತುಂಬಾ ಚೆನ್ನಾಗಿದ್ರು.”

“ಯಾವ ಹೆಂಡ್ತಿ?”

“ಬಿಲ್ಲೆಯಲ್ಲಿ...”

ಆತ ನಕ್ಕ ರಭಸಕ್ಕೆ ಕುರ್ಚಿ ಹಿಡಿದು ಕೂರಬೇಕಾಯಿತು.

“ನಮ್ಮಜ್ಜಿ ಕಣ್ರೀ ಅದು! ಎಂಬತ್ತು ದಾಟಿ ಹೋದ್ರು. ‘ಸುಕ್ಕು ಮುಖ ಹಾಕಿಸಿದ್ಯೋ, ಎದ್ದು ಬಂದು ಕಿವಿ ಹಿಂಡ್ತೀನಿ’ ಅಂದಿದ್ರು. ಮದುವೆಗೆ ಮುಂಚಿನ ಫೋಟೋ ಹಾಕಿಸ್ದೆ. ಅಲ್ಲಾ, ಫೋಟೋಗ್ರಾಫರ್ ಆಗಿ ಫೋಟೋಗೇ ಮೋಸ ಹೋದ್ರಾ?”

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

ಆತನ ದನಿ ತಗ್ಗಿತು. “ನನ್ನ ಬೆಳೆಸಿದ್ದೇ ಅಜ್ಜಿ. ಅವರು ಹೋದ್ಮೇಲೆ ಸುಮ್ನೆ ಬೀಗ ತೆಗೀತಿದ್ದೆ, ಹಾಕ್ತಿದ್ದೆ. ನೀವು ಅವರೆಲ್ಲರ ಕಥೆ ಕೇಳಿದ್ರಲ್ಲ... ಹೇಳ್ತಾ ಹೇಳ್ತಾ ನಂಗೆ ಮನೆಮಂದಿ ವಾಪಸ್ ಸಿಕ್ಕಿದ ಹಾಗಾಯ್ತು. ಥ್ಯಾಂಕ್ಸ್ ಅನ್ನೋದು ತೀರಾ ಚಿಕ್ಕ ಮಾತು.”

“ನಾನಲ್ವಾ ಹೇಳ್ಬೇಕಾದ್ದು? ಕಲ್ಲುಗಳ ಜೊತೆ ಇದ್ದೂ ಇದ್ದೂ ಮಾತೇ ಮರೆತಿದ್ದೆ. ನಿಮ್ಮಿಂದ ಬಾಯಿ ಬಂತು.”

ಆತ ಗಂಟಲು ಸರಿಮಾಡಿಕೊಂಡ. ಕಿವಿ ಕೆಂಪಾಗಿತ್ತು.

“ಮಂಟಪದಲ್ಲಿ ನನ್ನ ಸಮಾಧಿಗೆ ಅಂತ ಒಂದು ಕಲ್ಲಿನ ಗೂಡಿದೆ. ಪಕ್ಕದ್ದು ಖಾಲಿ. ಅದು... ನಿಮಗಿರ್ಲಾ? ನಮ್ಮನೇಲಿ ಮದುವೆಗೆ ಹೀಗೇ ಕೇಳೋದು. ಅಜ್ಜನೂ ಅಜ್ಜೀನ ಹೀಗೇ ಕೇಳಿದ್ದು.”

ಅವಳು ಆತನ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

“ನಿಮ್ಮನೆ ಕಿಟಕಿ ಪಕ್ಕ ನಂಗೊಂದು ಕುರ್ಚಿ ಹಾಕಿ. ಇವತ್ತೇ ಬರ್ತೀನಿ.”

“ಮತ್ತೆ, ಗೂಡು?”

“ಬೇಡ. ಕಲ್ಲುಗಳ ಜೊತೆ ಇದ್ದಿದ್ದು ಸಾಕು.”

“ಮುಂದೆ ಯಾವಾಗಾದ್ರೂ...”

“ಬೇಡ ಅಂದ್ರೆ ಬೇಡ!”